ಅರಿಶಿನವಿಲ್ಲದ ಪಟ್ಟಿ

"ಇನ್ಮ್ಯಾಲೆ ನಮ್ಮ ಅಂಗಡ್ಯಾಗ ಗಿರಾಕಿ ಬಾಯಿ ಬಿಟ್ಟು ಕೇಳಂಗಿಲ್ಲ! ಅವ್ರು ಕೇಳಾಕಿಂತ ಮೊದ್ಲಾ ಸಾಮಾನು ಅವ್ರ ಕೈಯಾಗ ಇರಬೇಕು!"

ಮಲಪನಗುಡಿಯ ಕಿರಾಣಿ ಅಂಗಡಿ ಅಂದಾನಪ್ಪ ಒಂದು ಸೋಮವಾರ ಬೆಳಿಗ್ಗೆ ಗಲ್ಲಾಪೆಟ್ಟಿಗೆಗೆ ಊದಿನಕಡ್ಡಿ ಬೆಳಗಿ ಈ ಭೀಷ್ಮಪ್ರತಿಜ್ಞೆ ಮಾಡಿದ. ಕೇಳಿದವರು ಇಬ್ಬರು. ಒಬ್ಬಳು ಅವನ ಹೆಂಡತಿ ಯಲ್ಲಕ್ಕ, ಇನ್ನೊಂದು ಬೆಲ್ಲದ ಪೆಂಟೆಯ ಮೇಲಿನ ನೊಣ. ನೊಣ ಹಾರಿಹೋಯಿತು. ಯಲ್ಲಕ್ಕನಿಗೆ ಆ ಅನುಕೂಲವಿರಲಿಲ್ಲ.

"ಕೇಳದಾ ಹೆಂಗ ಕೊಡ್ತೀರಿ?" ಎಂದಳು ತೊಗರಿಬೇಳೆ ಕೇರುತ್ತಾ.

"ಹೊಸಪೇಟಿ ಮಂಡ್ಯಾಗ ಬೋರ್ಡು ಹಾಕ್ಯಾರ ನೋಡು, ಗಿರಾಕಿನಾ ದೇವ್ರು ಅಂತ. ದೇವ್ರು ಏನರ ಬಾಯಿ ಬಿಟ್ಟು ಕೇಳ್ತಾನೇನು? ನಾವಾ ತಿಳ್ಕೊಂಡು ನೈವೇದ್ಯ ಇಡಲ್ಲೇನು?"

"ದೇವ್ರಿಗಿಟ್ಟ ನೈವೇದ್ಯ ಕಡೀಕ ನಾವಾ ತಿಂತೀವ್ರಿ. ಗಿರಾಕಿ ಹಂಗ ಬಿಟ್ಟಾರೇನು?"

ಅಂದಾನಪ್ಪನ ಪ್ರತಿಜ್ಞೆಗೆ ಕಾರಣವಿತ್ತು. ಅವನ ಅಪ್ಪನ ಕಾಲದಿಂದ ಆ ಓಣಿಗೆ ಇದ್ದದ್ದು ಒಂದೇ ಅಂಗಡಿ. ಈಗ ಕಾಲುವೆ ನೀರು ಹರಿದು, ಕಬ್ಬು ಸಕ್ಕರೆ ಫ್ಯಾಕ್ಟರಿಗೆ ಹೋಗಿ, ಜನರ ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ್ದೇ ತಡ, ಎದುರಿಗೆ ಅಂಜಿನಯ್ಯನೆಂಬವನು ಇನ್ನೊಂದು ಅಂಗಡಿ ತೆರೆದಿದ್ದ. ಟ್ಯೂಬ್‌ಲೈಟಂತೆ, ಗಾಜಿನ ಬರಣಿಗಳಂತೆ, ಇಡೀ ದಿನ ಹಾಡುವ ಟ್ರಾನ್ಸಿಸ್ಟರಂತೆ! ಅಷ್ಟು ಸಾಲದೆಂಬಂತೆ ಕಾಲುವೆಯಾಚೆ ತೋಟದ ಮನೆಯ ಗುಡ್ಡಪ್ಪನ ಮಗಳ ಮದುವೆ ಮುಂದಿನ ತಿಂಗಳಿತ್ತು. ಊರಿಗೇ ದೊಡ್ಡ ಮದುವೆ. ಆ ಮದುವೆಯ ಸಾಮಾನಿನ ಪಟ್ಟಿ ಯಾವ ಅಂಗಡಿಗೆ ಹೋಗುತ್ತದೋ, ಊರೂ ಆ ಅಂಗಡಿಗೇ ಹೋಗುತ್ತದೆ. ಪಟ್ಟಿ ಎದುರಂಗಡಿ ಪಾಲಾದರೆ ಅಪ್ಪ ಕಟ್ಟಿದ ಅಂಗಡಿಗೆ ಬೀಗ ಹಾಕಬೇಕಾದೀತು ಎಂಬ ಹೆದರಿಕೆ ಅಂದಾನಪ್ಪನ ನಿದ್ದೆ ಕೆಡಿಸಿತ್ತು.

ನಿಜ ಹೇಳಬೇಕೆಂದರೆ ಆ ಅಂಗಡಿ ನಿಂತದ್ದೇ ಯಲ್ಲಕ್ಕನಿಂದ. ಮುದುಕಿಯರು ಬಂದರೆ ಮೊದಲು ಮಣೆ, ಆಮೇಲೆ ನೀರು, ಆಮೇಲೆ ವ್ಯಾಪಾರ. ಹುಳ ಬಿದ್ದ ಕಡಲೆಯನ್ನು "ಇದು ಬ್ಯಾಡವ್ವ, ನಾಳೆ ಹೊಸಾದು ಬರ್ತೈತಿ" ಎಂದು ತಾನೇ ತೆಗೆದಿಡುವಳು. ತೂಕದ ಮೇಲೆ ಒಂದು ಚಿಟಿಕೆ ಕೊಸರು ಹಾಕದೆ ಪೊಟ್ಟಣ ಕಟ್ಟಿದವಳಲ್ಲ. ಎಲ್ಲಕ್ಕಿಂತ ಮುಖ್ಯ, ಏನು ಬೇಕು, ಎಷ್ಟು ಬೇಕು, ಯಾತಕ್ಕೆ ಬೇಕು ಎಂದು ಕೇಳಿ ಕೊಡುವಳು. ಇದನ್ನೆಲ್ಲ ಅಂದಾನಪ್ಪ ಸೇವೆಯೆಂದು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹೆಂಡತಿ ಮಾಡುವ ಕೆಲಸವನ್ನು ಯಾವ ಗಂಡ ತಾನೇ ಲೆಕ್ಕಕ್ಕೆ ಹಿಡಿದಿದ್ದಾನೆ!

ಪ್ರತಿಜ್ಞೆಯ ಮೂರನೆಯ ದಿನವೇ ಮೊದಲ ಪೆಟ್ಟು ಬಿತ್ತು. ಓಣಿಯ ಹೊನ್ನೂರಮ್ಮ ಆ ಮೂರು ದಿನದಲ್ಲೇ ಎರಡು ಸಲ ಹುಣಸೆಹಣ್ಣು ಒಯ್ದಳು. ಅಂದಾನಪ್ಪ ಇದು ಬಸುರಿಯ ಬಯಕೆಯೇ ಎಂದು ಕಣ್ಣು ಮಿಟುಕಿಸಿ, ಮುಂದೆ ಬಾಣಂತಿಗೆ ಬೇಕಾಗುವ ಅಂಟು, ಉತ್ತತ್ತಿ, ಕೊಬ್ಬರಿ ಎಲ್ಲ ಕಟ್ಟಿ ಅವಳ ಮನೆಗೇ ಮುಟ್ಟಿಸಿ ಬಂದ. ಹೊನ್ನೂರಮ್ಮನಿಗೆ ಐವತ್ತೆಂಟು ವರ್ಷ. ಹುಣಸೆಹಣ್ಣು ಹಿತ್ತಾಳೆ ಕೊಡ ತಿಕ್ಕುವುದಕ್ಕೆ! ಸಂಜೆ ಅವಳು ಆ ಗಂಟನ್ನು ಅಂಗಡಿಯ ಮೆಟ್ಟಿಲ ಮೇಲೆ ಕುಕ್ಕಿ, "ನಿನ ಗಂಡಗ ಬುದ್ಧಿ ಹೇಳಾ ಯಲ್ಲಕ್ಕ" ಎಂದಷ್ಟೇ ಹೇಳಿ ಹೋದಳು. ಅಂದಾನಪ್ಪ ಆಗ ಎಣ್ಣೆ ಡಬ್ಬಿಗಳ ಹಿಂದೆ ಏನೋ ಹುಡುಕುತ್ತಿದ್ದ.

ಅಷ್ಟಕ್ಕೇ ನಿಂತಿದ್ದರೆ ಈ ಕತೆ ಹೇಳುವ ಅಗತ್ಯವಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಗುಡ್ಡಪ್ಪನ ಮನೆಯ ಆಳು ಮೂಕಪ್ಪ ಸೈಕಲ್ಲಿನಲ್ಲಿ ಬಂದ. ತಲೆಯಿಂದ ಗದ್ದದವರೆಗೆ ಟವೆಲ್ಲು ಸುತ್ತಿದ್ದ. ಕಣ್ಣಲ್ಲಿ ನೀರು ಧಾರಾಕಾರ! ಒಂದು ಚೀಟಿ ಮತ್ತು ಕೈಚೀಲ ಕಟ್ಟೆಯ ಮೇಲಿಟ್ಟ. ಅಂದಾನಪ್ಪ "ಏನಾತೋ?" ಎಂದರೆ, ಹೆಸರಿಗಷ್ಟೇ ಮೂಕನಾದ ಅವನ ಬಾಯಲ್ಲಿ ಅಂದು ಮಾತಿಲ್ಲ, ಬರೀ ಕೈಯಾಡಿಸಿ, ಮೂಗೊರೆಸಿಕೊಂಡು ಹೊರಟೇ ಹೋದ.

ಅಂದಾನಪ್ಪ ಚೀಟಿ ಬಿಚ್ಚಿದ. ಕರ್ಪೂರ. ಊದಿನಕಡ್ಡಿ. ತೆಂಗಿನಕಾಯಿ ಐದು. ವಿಭೂತಿ. ಬತ್ತಿ. ಮಂಡಕ್ಕಿ ಅರ್ಧ ಚೀಲ. ತಿರುಗಿಸಿ ಮತ್ತೆ ಓದಿದ.

"ಯಲ್ಲಕ್ಕಾ! ಪಟ್ಟ್ಯಾಗ ಅರಿಷಿಣ ಇಲ್ಲಾ!"

ಆ ಕಡೆಯ ಜನ ಉಪ್ಪಿನಿಂದ ಸೋಪಿನವರೆಗೆ ಏನು ತರಿಸಿದರೂ ಪಟ್ಟಿಯ ಮೊದಲ ಸಾಲಿನಲ್ಲಿ ಅರಿಶಿನ ಬರೆಯುತ್ತಾರೆ. ಬೇಕಿರಲಿ ಬಿಡಲಿ, ಶುಭಕ್ಕೆ ಅದೇ ಮೊದಲು. ಅರಿಶಿನವಿಲ್ಲದ ಪಟ್ಟಿ ಬರುವುದು ಒಂದೇ ಮನೆಯಿಂದ, ಹೆಣ ಮಲಗಿದ ಮನೆಯಿಂದ. ಗುಡ್ಡಪ್ಪನ ತಾಯಿ ಹುಲುಗಮ್ಮನಿಗೆ ಎಂಬತ್ತು ದಾಟಿತ್ತು. ಹದಿನೈದು ದಿನದ ಹಿಂದಷ್ಟೇ ಜ್ವರವೆಂದು ಹೊಸಪೇಟೆ ಆಸ್ಪತ್ರೆಗೆ ಸೇರಿಸಿದ್ದರು. ಇನ್ನೇನು ಉಳಿಯಿತು ತಿಳಿಯುವುದಕ್ಕೆ!

"ಹುಲುಗಮ್ಮಜ್ಜಿ ಹೋದ್ಲು," ಎಂದು ಅಂದಾನಪ್ಪ ಟೋಪಿ ತೆಗೆದ.

"ಹೋಗಿ ಒಂದು ಮಾತು ಕೇಳ್ಕೊಂಡಾರ ಬರ್ರಿ."

"ಏನಂತ ಕೇಳ್ಲಿ? ಸತ್ತ ಮನಿಗೆ ಹೋಗಿ, ಯಾರು ಸತ್ತೀರಿ ಅಂತ ಕೇಳ್ಲ್ಯಾ? ಪಟ್ಟ್ಯಾಗ ಬರಿದದ್ದು ಅವ್ರ ದುಃಖಕ್ಕ ಹೊಳದಷ್ಟು. ಬರೀದಿದ್ದದ್ದು ನಾವು ತಿಳ್ಕೊಂಡು ಒಯ್ಯಬೇಕು. ಇವತ್ತು ಅಂಜಿನಯ್ಯ ಬಾಯಿ ಮ್ಯಾಲೆ ಬೆರಳಿಟ್ಟು ನೋಡಬೇಕು ನೋಡು!"

ಅಂದಾನಪ್ಪನೊಳಗಿನ ಸೇವಾಪುರುಷ ಎದ್ದು ನಿಂತಿದ್ದ. ಪಟ್ಟಿಯಲ್ಲಿ ಅರ್ಧ ಚೀಲವಿದ್ದ ಮಂಡಕ್ಕಿ ಒಂದು ಚೀಲವಾಯಿತು. ಹೆಣದ ಮೆರವಣಿಗೆಯಲ್ಲಿ ಮಂಡಕ್ಕಿಯೊಂದಿಗೆ ತೂರಲು ಗುಲಾಲು ಬಂತು. ಒಂಬತ್ತು ಗಜ ಬಿಳಿ ಬಟ್ಟೆ ಬಂತು. ಹೂವಿನವರ ಮನೆಯಿಂದ ಆಳುದ್ದ ಸೇವಂತಿಗೆ ಹಾರ ಬಂತು. ಮರಿಮಕ್ಕಳನ್ನು ಕಂಡ ತುಂಬು ಜೀವವಲ್ಲವೇ, ಭಜನೆಯಿಲ್ಲದೆ ಕಳಿಸುವುದುಂಟೇ? ಭಜನೆ ಪಾಲಯ್ಯನನ್ನೂ ಅವನ ಹಾರ್ಮೋನಿಯಮ್ಮನ್ನೂ ತಾಳದವರಿಬ್ಬರನ್ನೂ ಎಬ್ಬಿಸಿಕೊಂಡು ಬಂದ. ಎಲ್ಲವನ್ನೂ ಎತ್ತಿನ ಬಂಡಿಗೇರಿಸಿದ.

"ನೀನೂ ಬಾ," ಎಂದ ಹೆಂಡತಿಗೆ.

"ಸುದ್ದಿ ಖರೇ ಆದ್ರ ಹೇಳಿ ಕಳಸ್ರಿ, ಬರ್ತೀನಿ," ಎಂದು ಯಲ್ಲಕ್ಕ ಕುಂತಲ್ಲೇ ಕುಂತಳು.

ದಾರಿಯಲ್ಲಿ ಹೊಳೆಮ್ಮಜ್ಜಿಯ ಮನೆ. ಹುಲುಗಮ್ಮನೊಂದಿಗೆ ಚಿಕ್ಕಂದಿನಲ್ಲಿ ಕುಂಟೆಬಿಲ್ಲೆ ಆಡಿದವಳು. ಇಂಥ ಗಿರಾಕಿಗೆ ಸುದ್ದಿ ಮುಟ್ಟಿಸುವುದೂ ಸೇವೆಯೇ ಎಂದು ಅಂದಾನಪ್ಪ ಬಂಡಿ ನಿಲ್ಲಿಸಿ ಹೇಳಿದ. ಹೊಳೆಮ್ಮ ಎದೆ ಬಡಿದುಕೊಂಡು ಕೋಲು ಹುಡುಕತೊಡಗಿದಳು.

ಕಾಲುವೆ ಏರಿ ದಾಟುತ್ತಲೇ ತೋಟದ ಮನೆ ಕಂಡಿತು. ಅಂಗಳದಲ್ಲಿ ಚಪ್ಪರ! ಐವತ್ತು ಅರವತ್ತು ಜನ!

"ನೋಡಿದ್ಯಾ ಪಾಲಯ್ಯ, ನಾ ಹೇಳ್ಲಿಲ್ಲಾ?" ಎಂದ ಅಂದಾನಪ್ಪ. ಆ ದುಃಖದಲ್ಲೂ ಅವನಿಗೆ ತನ್ನ ಬುದ್ಧಿಯ ಬಗ್ಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳುವುದು.

ಪಾಲಯ್ಯ ಬಂಡಿಯಲ್ಲೇ ಸಾವಿನ ಪದ ಎತ್ತಿದ. ತಾಳ ಬಿತ್ತು. ಅಂದಾನಪ್ಪ ಹಾರವನ್ನು ಎರಡೂ ಕೈಯಲ್ಲಿ ಹಿಡಿದು ಅಂಗಳಕ್ಕೆ ಓಡಿದ. ಓಡುತ್ತಲೇ ದನಿ ತೆಗೆದ.

"ಅಯ್ಯೋ ನನ್ನವ್ವಾ! ಐವತ್ತು ವರ್ಷ ನಮ್ಮಂಗಡಿ ಬಿಟ್ಟು ಕದಲಲಿಲ್ಲಲ್ಲಾ! ಈಗ ಯಾವಂಗಡಿಗೆ ಹೋದ್ಯವ್ವಾ!"

ಜನ ದಾರಿ ಬಿಟ್ಟರು. ಅಂದಾನಪ್ಪ ಕಣ್ಣೊರೆಸಿಕೊಂಡು ನೋಡಿದರೆ, ಚಪ್ಪರದ ಕೆಳಗೆ ಕೆಂಪಗೆ ಫಳಫಳ ಹೊಳೆಯುವ ಹೊಸ ಟ್ರ್ಯಾಕ್ಟರು. ಅದರ ಮುಂದೆ ಹೊಸ ಇಳಕಲ್ ಸೀರೆಯುಟ್ಟು, ಕುರ್ಚಿಯ ಮೇಲೆ ಎಲೆಯಡಿಕೆ ಮೆಲ್ಲುತ್ತಾ ಕುಂತವಳು ಸಾಕ್ಷಾತ್ ಹುಲುಗಮ್ಮ!

"ಯಾರಲೇ ಅದು, ಅಂದಾನಿ ಏನು?" ಎಂದಳು ಮುದುಕಿ. "ಯಾರು ಹೋದ್ರಪಾ?"

ಅವಳ ಹಿಂದೆ ಮೂಕಪ್ಪ ಊದಿದ ಕೆನ್ನೆಗೆ ಲವಂಗ ಒತ್ತಿಕೊಂಡು ನಿಂತಿದ್ದ. ಅಯ್ಯೋ ಪಾಪಿ, ಹಲ್ಲುನೋವು!

"ಯಾ... ಯಾರೂ ಇಲ್ಲವ್ವ. ಪೂಜಿ ಅಂತ ತಿಳೀತು. ಸಾಮಾನು ನಾನಾ ತಂದೆ."

ಗುಡ್ಡಪ್ಪ ಹುಬ್ಬು ಗಂಟಿಕ್ಕಿ ಮುಂದೆ ಬಂದ. "ಈ ಹಾರ ಯಾರಿಗೆ?"

"ಟ್ಯಾಕ್ಟ್ರಿಗೆ!"

"ಬಿಳೇ ಬಟ್ಟಿ?"

"ಒರಸಾಕ್ರಿ. ಹೊಸಾ ಗಾಡಿ, ಧೂಳು ಕುಂದ್ರತೈತಿ."

"ಒಂಬತ್ತು ಗಜ?"

"ದೊಡ್ಡ ಗಾಡಿರಿ."

"ಮತ್ತ ಅಳಾದು?"

"ಆನಂದಕ್ಕರಿ! ನಮ್ಮೂರಿಗೆ ಟ್ಯಾಕ್ಟ್ರು ಬಂತಲ್ಲಾ ಅಂತ!"

ಯಾವ ಪುಣ್ಯವೋ, ಜನ ತಲೆದೂಗಿದರು. ಹಾರ ಟ್ರ್ಯಾಕ್ಟರಿನ ಮೂತಿಗೆ ಬಿತ್ತು. ಅಳತೆಗೆ ಸರಿಯಾಗಿತ್ತು ಕೂಡ! ಗುಡ್ಡಪ್ಪನ ಹುಬ್ಬು ಸಡಿಲಾಯಿತು. ಕರ್ಪೂರ ಹಚ್ಚಲು ತಟ್ಟೆ ಬಂತು. ಅಂದಾನಪ್ಪ ಗುಡ್ಡಪ್ಪನನ್ನು ಮೆಲ್ಲಗೆ ಕೇಳಿದ, "ಪಟ್ಟ್ಯಾಗ ಅರಿಷಿಣ ಬರಿಯಾದು ಮರ್ತೀರಲ್ರಿ?"

"ಮರಿಯಾದೇನು? ಈ ವರ್ಷ ಕಾಲುವಿ ದಂಡಿಗೆ ನಾಕು ಸಾಲು ಅರಿಷಿಣ ನಾವಾ ಹಾಕೇವಿ. ಕುಂಕುಮ ಹಂಪಿಯಿಂದ ತಂದೈತಿ. ಮನ್ಯಾಗಿದ್ದದ್ದು ಯಾಕ ಬರೀಬೇಕು?"

ಅಂದಾನಪ್ಪ ಉಸಿರು ಬಿಟ್ಟ. ಗಂಡಾಂತರ ಕಳೆಯಿತು ಎಂದುಕೊಂಡ. ಅಷ್ಟರಲ್ಲಿ ಕಾಲುವೆ ಏರಿಯ ಮೇಲಿಂದ ಒಂದು ಆರ್ತನಾದ!

"ಹೋದ್ಯಾ ನನ್ನ ಗೆಣತೀ! ನನ್ನ ಬಿಟ್ಟು ಹೋದ್ಯಾ ಹುಲುಗಿ!"

ಹೊಳೆಮ್ಮಜ್ಜಿ! ಒಬ್ಬಳೇ ಅಲ್ಲ, ಓಣಿಯ ಮುದುಕಿಯರೆಲ್ಲ ಸಾಲಾಗಿ ಸೆರಗು ಬಾಯಿಗಿಟ್ಟುಕೊಂಡು ಬರುತ್ತಿದ್ದರು. ಹೊಳೆಮ್ಮನಿಗೆ ಕಣ್ಣು ಮಂದ. ನೇರ ಬಂದವಳೇ ಹುಲುಗಮ್ಮನ ಕುರ್ಚಿಯ ಬದಿಗೆ ಕುಸಿದು, ಅವಳದೇ ಮಂಡಿಯ ಮೇಲೆ ತಲೆಯಿಟ್ಟು, "ಯವ್ವಾ, ಹೆಂಗ ಸತ್ಲವ್ವಾ ನಮ್ಮ ಹುಲುಗಿ?" ಎಂದು ಗೋಳಿಟ್ಟಳು.

"ನಾ ಇನ್ನೂ ಸತ್ತಿಲ್ಲಲೇ ಹೊಳೀ! ತಲಿ ತಗೀ, ಸೀರಿ ತೊಯ್ತೈತಿ!" ಎಂದಳು ಹುಲುಗಮ್ಮ. "ಯಾರು ಹೇಳಿದ್ರು ನಿನಗ?"

"ಅಂದಾನಪ್ಪ! ಬಂಡಿ ನಿಲ್ಸಿ ಹೇಳಿ ಬಂದ!"

ಪಾಲಯ್ಯ ಹಾರ್ಮೋನಿಯಂ ಮುಚ್ಚಿ, ತಾನು ಬರೀ ಬಾಡಿಗೆಗೆ ಬಂದವನೆಂಬಂತೆ ಆಕಾಶ ನೋಡಿದ. ಗುಡ್ಡಪ್ಪನ ಮುಖ ಟ್ರ್ಯಾಕ್ಟರಿಗಿಂತ ಕೆಂಪಾಯಿತು.

"ಬದುಕಿದ ನಮ್ಮವ್ವಗ ಹೆಣದ ಬಟ್ಟಿ ತಂದ್ಯೇನಲೇ! ಶುಭ ಕೆಲ್ಸದ ದಿನ! ಮದುವಿ ಪಟ್ಟಿ ನಿನಗ ಕೊಡಬೇಕಂತಿದ್ದೆ. ಇನ್ನು ಅಂಜಿನಯ್ಯನ ಅಂಗಡಿಗೇ ಕೊಡ್ತೀನಿ!"

ಅಂದಾನಪ್ಪನ ಕಣ್ಣಲ್ಲಿ ಈಗ ನಿಜವಾದ ನೀರು ಬಂತು. ಆನಂದದ್ದಂತೂ ಅಲ್ಲ. ಅಪ್ಪನ ಅಂಗಡಿಯನ್ನು ಉಳಿಸಹೋಗಿ ತಾನೇ ಕೈಯಾರೆ ಕೆಡವಿದ್ದ. ಹೇಳುವುದಕ್ಕೆ ಒಂದು ಸುಳ್ಳೂ ಉಳಿದಿರಲಿಲ್ಲ. ಹುಲುಗಮ್ಮನ ಕಾಲು ಮುಟ್ಟಿ, "ತಪ್ಪಾತವ್ವ, ಕೇಳಬೇಕಿತ್ತು, ಕೇಳ್ಲಿಲ್ಲ" ಎಂದ.

ಮುದುಕಿ ಅವನನ್ನು ನೋಡಲಿಲ್ಲ. ಬಂಡಿಯ ಸಾಮಾನನ್ನು ಒಂದೊಂದಾಗಿ ತರಿಸಿದಳು. ಬಿಳಿ ಬಟ್ಟೆಯನ್ನು ಬೆರಳಲ್ಲಿ ಹೊಸಕಿ ನೋಡಿದಳು. ಕಾಯಿಯನ್ನು ಕಿವಿಯ ಹತ್ತಿರ ಅಲುಗಿಸಿದಳು. ಮಂಡಕ್ಕಿ ಬಾಯಿಗೆ ಹಾಕಿಕೊಂಡು ಎಲೆಯಡಿಕೆಯೊಂದಿಗೇ ಅಗಿದಳು.

"ಒಂದಾ ಚೀಲ ಏನಪಾ?" ಎಂದಳು ಕಡೆಗೆ. "ನಮ್ಮತ್ತಿ ಹೋದಾಗ ನಿಮ್ಮಪ್ಪ ಎಲ್ಡು ಚೀಲ ತಂದಿದ್ದ."

ಯಾರೋ ಹಿಂದೆ ಕಿಸಕ್ಕೆಂದರು. ಆಮೇಲೆ ಇಡೀ ಚಪ್ಪರ ನಕ್ಕಿತು. ಹೊಳೆಮ್ಮಜ್ಜಿಯೂ ನಕ್ಕಳು, ಸತ್ತವಳು ಬದುಕಿದ ಸಂತೋಷಕ್ಕೆ. ಗುಡ್ಡಪ್ಪ ಒಬ್ಬನೇ ನಗದೆ ನಿಂತಿದ್ದ.

"ಗುಡ್ಡಾ," ಎಂದಳು ತಾಯಿ, "ಪಟ್ಟಿ ಇವರಂಗಡಿಗೇ ಕೊಡು. ನಾ ಸತ್ತೆ ಅಂತ ತಿಳದು ಅಂಗಡಿ ಬಿಟ್ಟು ಓಡಿ ಬಂದು ಅತ್ತಾನ. ಆ ಟ್ಯೂಬ್‌ಲೈಟಿನವ ಬರ್ತಾನೇನು? ಆದ್ರ ಪಟ್ಟಿ ಯಲ್ಲಕ್ಕನ ಕೈಯಾಗ ಕೊಡು, ಇವನ ಕೈಯಾಗ ಬ್ಯಾಡ. ಒಂದು ಸಾಮಾನು ಬರಿಯಾದು ಮರ್ತರ ಇವ ಬೀಗರ ಮನಿಗೆ ಭಜನಿ ಕರ್ಕೊಂಡು ಹೊಂಟು ಬಿಡ್ತಾನ!"

ಅಂದಾನಪ್ಪ ಖಾಲಿ ಬಂಡಿಯಲ್ಲಿ ಹಿಂತಿರುಗಿದ. ಯಲ್ಲಕ್ಕ ಏನನ್ನೂ ಕೇಳಲಿಲ್ಲ. ಸುದ್ದಿ ಅವನಿಗಿಂತ ಮೊದಲೇ ಅಂಗಡಿಗೆ ಬಂದು ಮಣೆಯ ಮೇಲೆ ಕುಂತು ನೀರು ಕುಡಿದು ಹೋಗಿತ್ತು.

ಎಂಟು ದಿನಕ್ಕೆ ಮದುವೆಯ ಪಟ್ಟಿ ಬಂತು. ಮೂರು ಹಾಳೆ. ಯಲ್ಲಕ್ಕ ಓಣಿಯ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಓದಿದಳು.

"ಶ್ರೀ. ಇಲ್ಲಿ ನಾವೆಲ್ಲರೂ ಕ್ಷೇಮ. ಅಜ್ಜಿ ಕ್ಷೇಮ. ಮೂಕಪ್ಪನ ಹಲ್ಲು ಕಿತ್ತಾಯಿತು, ಅವನೂ ಕ್ಷೇಮ. ಟ್ರ್ಯಾಕ್ಟರ್ ಕ್ಷೇಮ. ಅರಿಶಿನ ಮನೆಯಲ್ಲೇ ಇದೆ. ಇನ್ನು ಸಾಮಾನು..."

ಸಾಮಾನು ಮುಗಿಯುವಷ್ಟರಲ್ಲಿ ಅವಳ ದನಿ ಒಣಗಿತ್ತು. ಕಡೆಯ ಹಾಳೆಯ ಕೆಳಗೆ ಇನ್ನೊಂದು ಸಾಲಿತ್ತು. ಅದನ್ನು ಓದುವ ಮೊದಲು ಅವಳು ಗಂಡನ ಕಡೆ ತಿರುಗಿದಳು.

"ವಿಶೇಷ ಸೂಚನೆ. ಸಾಮಾನು ತರುವಾಗ ಅಂದಾನಪ್ಪ ನಗುತ್ತಾ ಬರತಕ್ಕದ್ದು."

ಅಂದಾನಪ್ಪ ಎಣ್ಣೆ ಡಬ್ಬಿಗಳ ಕಡೆಗೆ ಹೊರಟಿದ್ದ. ಯಲ್ಲಕ್ಕ ಅವನ ಅಂಗಿ ಹಿಡಿದು ನಿಲ್ಲಿಸಿದಳು.

"ಎಲ್ಲಿಗೆ ಹೊಂಟ್ರಿ? ಗಿರಾಕಿ ಬಾಯಿ ಬಿಟ್ಟು ಕೇಳ್ಯಾರ. ಒಂದ್ಸಲ ನಕ್ಕು ತೋರಸ್ರಿ ನೋಡಾನ!"