ಕ್ಯಾಪ್ಟನ್ ತುಳಿದ ನಡೆಮಡಿ

ಈ ಸಂಗತಿಯನ್ನು ಬರೆಯಬೇಕೆಂದು ನಾನು ಕುಳಿತದ್ದು ಇದೇ ಮೊದಲ ಸಲವಲ್ಲ. ಒಮ್ಮೆ ಮಸಿ ಒಣಗಿತ್ತು. ಇನ್ನೊಮ್ಮೆ ಕನ್ನಡಕ ಸಿಗಲಿಲ್ಲ. ಮತ್ತೊಮ್ಮೆ ಮಸಿ, ಕನ್ನಡಕ ಎರಡೂ ಸಿಕ್ಕವು, ಧೈರ್ಯ ಸಿಗಲಿಲ್ಲ. ಹೀಗೆ ಮುಂದೂಡುತ್ತಾ ಮುಂದೂಡುತ್ತಾ ತಲೆ ಬೆಳ್ಳಗಾಯಿತು. ಈಗ ನನ್ನ ಹೆಂಡತಿ ಗೌರಿ, "ನೀವು ಬರೀದೆ ಇದ್ರೆ ನಾನೇ ಮೊಮ್ಮಗಳ ಕೈಲಿ ಬರುಸ್ತೀನಿ" ಎಂದು ಹೆದರಿಸಿದ್ದಾಳೆ. ಅವಳು ಬರೆಸಿದರೆ ಉಳಿದ ಮರ್ಯಾದೆಯೂ ಹೋದೀತು. ಆದ್ದರಿಂದ ನಾನೇ ಬರೆಯುತ್ತಿದ್ದೇನೆ.

ಆಗ ಕೊಳ್ಳೇಗಾಲ ಮದ್ರಾಸಿಗೆ ಸೇರಿತ್ತು, ಯಳಂದೂರು ಮೈಸೂರಿಗೆ. ನಾನು ಕೊಳ್ಳೇಗಾಲದ ಪೇಟೆಯಲ್ಲಿ ಹುಟ್ಟಿ, ಹೈಸ್ಕೂಲು ಮುಗಿಸಿ, ಯಳಂದೂರಿಗೆ ಸೇರಿದ ಬಿಳಿಗಿರಿರಂಗನ ಬೆಟ್ಟದ ಒಂದು ಕಾಫಿ ತೋಟದಲ್ಲಿ ರೈಟರಾಗಿದ್ದೆ. ರೈಟರ್ ಎಂದರೆ ಆಳುಗಳ ಹಾಜರಿ ಬರೆಯುವವನು, ಅಷ್ಟೇ. ಆದರೆ ಕೊಳ್ಳೇಗಾಲದ ಕಡೆ ಹೊಳೆದಂಡೆಯ ನನ್ನ ಮಾವನ ಊರಿನಲ್ಲಿ, ಅಳಿಯಂದಿರು ಬೆಟ್ಟವನ್ನೇ ಆಳುತ್ತಿದ್ದಾರೆಂಬ ನಂಬಿಕೆ ಹಬ್ಬಿತ್ತು. ಆ ನಂಬಿಕೆಗೆ ಧಕ್ಕೆ ತರುವಂಥ ಯಾವ ಮಾತನ್ನೂ ನಾನು ಆಡಿರಲಿಲ್ಲ.

ತೋಟದ ದೊರೆ ತನ್ನ ದೇಶಕ್ಕೆ ಹೊರಟಾಗ ಒಂದು ನಾಯಿಮರಿಯನ್ನು ನನ್ನ ಕೈಗೆ ಕೊಟ್ಟುಹೋದ. ಹತ್ತು ತಿಂಗಳ ಮರಿ, ಕಂದು ಬಣ್ಣ, ಜೋಲುಕಿವಿ. ಹೆಸರು ಕ್ಯಾಪ್ಟನ್. ಅದು ಸುಮ್ಮನಿದ್ದುದನ್ನು ನಾನು ಕಂಡೇ ಇಲ್ಲ. ನಿದ್ದೆ ಮಾಡುವಾಗಲೂ ಅದರ ನಾಲ್ಕು ಕಾಲು ಓಡುತ್ತಲೇ ಇರುತ್ತಿದ್ದವು! ಮಾವನ ಮನೆಯಲ್ಲಿ ನಾದಿನಿಯ ಮದುವೆ ಬಂತು. ಜಾತಿನಾಯಿಯನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕೆ? ಕ್ಯಾಪ್ಟನ್ ಮೈಸೂರು ಸಂಸ್ಥಾನದಿಂದ ಮದ್ರಾಸು ಪ್ರಾಂತ್ಯಕ್ಕೆ ದಯಮಾಡಿಸಿದ.

ಮದುವೆಯ ಹಿಂದಿನ ದಿನ ಬೆಳಗ್ಗೆ ಅವನು ಮಾಡಿದ ಕೆಲಸಗಳು ಇಂತಿವೆ. ಚಪ್ಪರದ ಬಾಳೆಗೊನೆಯನ್ನು ಎಳೆದು ಬೀಳಿಸಿದ. ಅಡಿಗೆಯವರ ಒಂದು ಜೊತೆ ಚಪ್ಪಲಿಯನ್ನು ಎರಡು ಬೇರೆ ಬೇರೆ ಬೀದಿಗಳಿಗೆ ಸಾಗಿಸಿದ. ಕೊನೆಗೆ ಒಬ್ಬಟ್ಟಿನ ಹೂರಣದ ಕೊಪ್ಪರಿಗೆಯೊಳಗೆ ಇಣುಕಿದ. ಅತ್ತೆ ಸೌಟು ಹಿಡಿದುಕೊಂಡೇ ಹೊರಗೆ ಬಂದರು.

"ಗೌರಿ, ನಿನ್ ಗಂಡುಂಗ್ ಏಳು. ಆ ನಾಯ ಎಲ್ಲಾರ ಕರ್ಕೊಂಡೋಗ್ಲಿ. ಸಂಜೆಗಂಟ ಈ ಕಡೆ ತಲೆ ಆಕ್ದಂಗೆ!"

"ಯಾರು ತಲೆ ಆಕ್ಬಾರ್ದವ್ವ? ನಾಯಾ, ಇವ್ರಾ?" ಎಂದಳು ಗೌರಿ.

"ಇಬ್ರೂವೆ!"

ಇದನ್ನು ನಾನು ಅವಮಾನವೆಂದು ತಿಳಿಯಲಿಲ್ಲ. ಊರ ಮುಂದಿನ ಕಾವೇರಿಯ ನಡುವೆ ಒಂದು ದೊಡ್ಡ ಗಡ್ಡೆ ಇತ್ತು. ಬೇಸಿಗೆಯಲ್ಲಿ ನೀರು ಇಳಿದು, ಅದರ ಸುತ್ತ ಬೆಳ್ಳನೆಯ ಮರಳು ಹಾಸಿಕೊಂಡಿರುತ್ತಿತ್ತು. ಒಳಗೆ ಹೊಂಗೆ, ಮತ್ತಿ, ಮುಳ್ಳುಪೊದೆ. ಅವುಗಳ ನಡುವೆ ಕಾಲುದಾರಿ. ಈ ದ್ವೀಪವನ್ನು ನಾಯಿಯೊಡನೆ ಪೂರ್ತಿಯಾಗಿ ಪರಿಶೋಧಿಸಿ ಬರುವುದೆಂದು ನಾನು ಘೋಷಿಸಿದೆ.

"ದನ ಮೇಯ್ಸೋರು ದಿನಾ ಓಗಿ ಬರೋ ಜಾಗ್ವ ನೀವೇನು ಪರಿಸೋದ್ಸೀರಿ?" ಎಂದಳು ಗೌರಿ. ನಾನು ನಾಯಿಯ ಹಗ್ಗ ಹಿಡಿದು ಹೊರಟೆ. ದೊಡ್ಡ ಕೆಲಸಕ್ಕೆ ಹೊರಟವರು ಇಂಥ ಮಾತಿಗೆ ಕಿವಿಗೊಡುವುದಿಲ್ಲ.

ಹರಿಗೋಲಿನಲ್ಲಿ ಕ್ಯಾಪ್ಟನ್ ಎಂಟು ಸುತ್ತು ತಿರುಗಿದ. ಹರಿಗೋಲೂ ಅವನ ಜೊತೆ ತಿರುಗಿತು. ಅಂಬಿಗ ಹುಟ್ಟು ಬಿಟ್ಟು ಕೈಮುಗಿದ. "ಸಾ, ನಾಯ ಇಡ್ಕಳಿ ಸಾ. ಇಲ್ದಿದ್ರೆ ನಾಳೆ ಮದ್ವೆ ಊಟಕ್ಕೆ ನಾವ್ಯಾರೂ ಇರಾಕಿಲ್ಲ."

ಗಡ್ಡೆಯ ಮೇಲೆ ಒಬ್ಬ ಹೆಂಗಸು ಬಟ್ಟೆ ಒಣಹಾಕುತ್ತಿದ್ದಳು. ಊರಿನ ಬಟ್ಟೆ ಒಗೆಯುವ ಮನೆಯಾಕೆ. ಮರಳಿನ ಮೇಲೆ ನಾಲ್ಕು ಉದ್ದನೆಯ ಬಿಳಿ ಬಟ್ಟೆಗಳು, ಮೂಲೆಮೂಲೆಗೆ ಕಲ್ಲು. ಅದು ನಾಳೆಯ ನಡೆಮಡಿ. ಮದುಮಕ್ಕಳು ಚಪ್ಪರಕ್ಕೆ ಬರುವಾಗ ಪಾದ ನೆಲಕ್ಕೆ ತಾಗದಂತೆ ಮುಂದೆ ಮುಂದೆ ಹಾಸುತ್ತಾರಲ್ಲ, ಆ ಬಟ್ಟೆ. ಅದರ ಮೇಲೆ ಮೊದಲ ಹೆಜ್ಜೆ ಮದುಮಕ್ಕಳದೇ ಆಗಬೇಕು. ಊರ ದಂಡೆಯಲ್ಲಿ ದನ ಜನ ತುಳಿದಾರೆಂದೇ ಆಕೆ ಗಡ್ಡೆಯ ತನಕ ಹೊತ್ತು ತಂದಿದ್ದಳು. ಹಾಸುವ ಹಕ್ಕು ಆಕೆಯ ಅತ್ತೆಯ ಕಾಲದಿಂದ ಅವಳ ಮನೆಯದು. ನನ್ನ ಮದುವೆಗೆ ಹಾಸಿದ್ದವಳೂ ಅವಳೇ.

"ಬುದ್ದಿ, ಇನ್ನೊಂದು ಗಂಟು ಮನೇಲಿ ಉಳ್ಕಬುಟ್ಟದೆ. ಇದೇ ಅರಿಗೋಲಲ್ಲಿ ಓಗಿ ತಕಂಬತ್ತೀನಿ. ಆ ಕಡೆ ದನ ಬಂದಾವು, ಒಸಿ ಕಣ್ಣಾಕಿರ್ತೀರಾ?"

"ಚಿಂತೆ ಬೇಡ. ನಾನಿದ್ದೇನೆ. ಇವನೂ ಇದ್ದಾನೆ. ಇಂಗ್ಲಿಷ್ ಬಲ್ಲ ನಾಯಿ!" ಎಂದೆ.

ಆಕೆ ನಾಯಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ನಿಮ್ಮನ್ನೇ ನಂಬ್ಕಂಡಿವ್ನಿ ಬುದ್ದಿ" ಎಂದು ಹರಿಗೋಲು ಹತ್ತಿದಳು.

ಪರಿಶೋಧನೆ ಆರಂಭವಾಯಿತು. ಕ್ಯಾಪ್ಟನ್ ಮೊದಲು ಮರಳನ್ನು ಪರಿಶೋಧಿಸಿದ, ಮೊಳಕಾಲುದ್ದ ಗುಂಡಿ ತೋಡಿ ನನ್ನ ಕಣ್ಣಿಗೆ ಎರಚಿದ. ಆಮೇಲೆ ಮುಳ್ಳುಪೊದೆಯನ್ನು ಪರಿಶೋಧಿಸಿದ. ಹಗ್ಗ ನನ್ನ ಕೈಯಲ್ಲಿದ್ದುದರಿಂದ ಮುಳ್ಳುಪೊದೆಯ ಪರಿಶೋಧನೆ ನನಗೂ ಆಯಿತು. ಕಾಲುದಾರಿಯಲ್ಲಿ ನಾನು ಅವನನ್ನು ತಿರುಗಾಡಿಸಿದೆನೋ ಅವನು ನನ್ನನ್ನೋ, ನೋಡಿದವರು ಹೇಳಬೇಕು. ಪುಣ್ಯಕ್ಕೆ ನೋಡಿದವರಿರಲಿಲ್ಲ. ಗಡ್ಡೆಯ ಆಚೆ ತುದಿಗೆ ಬಂದಾಗ ಬಂಡೆಯ ಮೇಲೆ ಒಂದು ನೀರುನಾಯಿ ಮೀನು ತಿನ್ನುತ್ತಾ ಕುಳಿತಿತ್ತು. ಕ್ಯಾಪ್ಟನ್ ಅದನ್ನು ಕಂಡ. ಹಗ್ಗ ನನ್ನ ಕೈಯಿಂದ ಹೋಯಿತು.

"ಸಿಟ್!" ಎಂದೆ. ಓಡಿದ. "ಸ್ಟಾಪ್!" ಎಂದೆ. ಇನ್ನೂ ಜೋರಾಗಿ ಓಡಿದ. "ಲೇ, ನಿಲ್ಲೋ ಮುಂಡೇದೆ!" ಎಂದೆ. ಇಂಗ್ಲಿಷ್ ಬಲ್ಲ ನಾಯಿ, ಕನ್ನಡ ಬಾರದು. ನೀರುನಾಯಿ ಮಡುವಿಗೆ ಬಿತ್ತು. ಕ್ಯಾಪ್ಟನ್ ಕೆಸರಿಗೆ ಬಿದ್ದ. ಎದ್ದವನು ಕಿವಿಯಿಂದ ಬಾಲದ ತನಕ ಕರಿಕೆಸರು ಮೆತ್ತಿಕೊಂಡು, ಬಂದ ದಾರಿಯಲ್ಲೇ ಹಿಂದಕ್ಕೆ ಓಟ ಕಿತ್ತ. ನಾನು ಏದುಸಿರು ಬಿಡುತ್ತಾ ಮರಳಿಗೆ ಬಂದು ನೋಡುತ್ತೇನೆ, ಕ್ಯಾಪ್ಟನ್ ನಡೆಮಡಿಯ ಮೇಲೆ ಬರುತ್ತಿದ್ದಾನೆ!

ಬರುತ್ತಿದ್ದ ಠೀವಿಯನ್ನು ಏನೆಂದು ಹೇಳಲಿ! ತಲೆಯೆತ್ತಿ, ಬಾಲವೆತ್ತಿ, ಒಂದು ಬಟ್ಟೆ ಮುಗಿದರೆ ಮುಂದಿನದಕ್ಕೆ ಕಾಲಿಡುತ್ತಾ, ಮದುವಣಿಗನಂತೆ. ಓಲಗ ಒಂದೇ ಕಡಿಮೆ. ನಾಲ್ಕನೆಯ ಬಟ್ಟೆಯ ಮೇಲೆ ಮೂರು ಸಲ ಹೊರಳಿ, ಮೈ ಒರೆಸಿಕೊಂಡ.

ಇಲ್ಲಿಗೆ ನಿಂತಿದ್ದರೆ ಇದು ನಾಯಿಯ ಕಥೆಯಾಗುತ್ತಿತ್ತು. ಕೆಸರು ತಾನೆ, ಆಕೆ ಬಂದು ಇನ್ನೊಮ್ಮೆ ಜಾಲಿಸಿದ್ದರೆ ಹೋಗುತ್ತಿತ್ತು. ಮುಂದಿನದನ್ನು ಮಾಡಿದ್ದು ನಾನು, ಹೈಸ್ಕೂಲು ಓದಿದವನು.

ಆಕೆ ಬರುವುದರೊಳಗೆ ಒಗೆದುಬಿಡುವುದೆಂದು ನಿಶ್ಚಯಿಸಿದೆ. ಒಗೆಯುವ ಕಲ್ಲಿನ ಪಕ್ಕದಲ್ಲಿ ಒಂದು ಪುಟ್ಟ ಗಂಟು ಇತ್ತು. ಬಿಚ್ಚಿದೆ. ಒಳಗೆ ಕರ್ರಗೆ ಹೊಳೆಯುವ ಕಾಯಿಗಳು. ಅಂಟುವಾಳ! ರೇಷ್ಮೆ ಸೀರೆಗೂ ಹಾಕುತ್ತಾರಲ್ಲವೆ! ಪೇಟೆಯಲ್ಲಿ ಅಂಟುವಾಳದ ಪುಡಿಯನ್ನಷ್ಟೇ ಕಂಡಿದ್ದ ನಾನು, ಎರಡು ಹಿಡಿ ಕಾಯಿ ಜಜ್ಜಿ, ನಾಲ್ಕೂ ಬಟ್ಟೆಗೆ ಹಾಕಿ ಉಜ್ಜಿದೆ. ನೊರೆ ಬರಲಿಲ್ಲ. ಕಂದು ಎಣ್ಣೆಯಂಥದ್ದೇನೋ ಬಂತು. ಸಾಲದೇನೋ ಎಂದು ಇನ್ನೆರಡು ಹಿಡಿ ಹಾಕಿದೆ. ಬೆವರು ಬಂತು, ಅದೇ ಕೈಯಲ್ಲಿ ಮುಖ ಒರೆಸಿಕೊಂಡೆ. ಬಿಸಿಲಿಗೆ ಹರಡಿದೆ.

ಬಿಸಿಲು ತಾಗಿದಂತೆ ಕಂದು ಕರಿಯಾಯಿತು. ಇನ್ನೂ ಕರಿಯಾಯಿತು. ಆಗ ನನಗೆ ಹೊಳೆಯಿತು. ಅದು ಕರಿಗೇರು! ಯಾವ ಬಟ್ಟೆ ಯಾವ ಮನೆಯದೆಂದು ತಿಳಿಯಲು ಮೂಲೆಯಲ್ಲಿ ಸೂಜಿಮೊನೆಯಷ್ಟು ಗುರುತು ಹಾಕುತ್ತಾರಲ್ಲ, ಆ ಕಾಯಿ. ಬಟ್ಟೆ ಹರಿದರೂ ಅದರ ಗುರುತು ಹೋಗುವುದಿಲ್ಲ. ನಾನು ಮೂಲೆಯೊಂದನ್ನೂ ಬಿಡದೆ ಗುರುತು ಹಾಕಿದ್ದೆ.

ಹೊಳೆಯಲ್ಲಿ ಹರಿಗೋಲು ಕಾಣಿಸಿತು. ಆಗ ನಾನು ಮಾಡಿದ ಕೆಲಸ ಇದು: ನಾಯಿಯನ್ನು ಎತ್ತಿಕೊಂಡು ಪೊದೆಯ ಹಿಂದೆ ಓಡಿದೆ. ಗಡ್ಡೆಯ ಆಚೆ ತುದಿಯಲ್ಲಿ ಹೊಂಗೆಮರದ ಕೆಳಗೆ ಮಲಗಿ, ಗೊರಕೆ ಹೊಡೆದೆ. ಯಾರೂ ಕೇಳುವವರಿಲ್ಲದಿದ್ದರೂ ಹೊಡೆದೆ.

ಸಂಜೆ ಮಾವನ ಅಂಗಳದಲ್ಲಿ ನಾಲ್ಕು ಬಟ್ಟೆಗಳೂ ಬಿದ್ದಿದ್ದವು. ಆಕೆ ಕೈಕಟ್ಟಿ ನಿಂತಿದ್ದಳು. ಮದುವೆಗೆ ಬಂದ ನೆಂಟರೆಲ್ಲ ಸುತ್ತ ನೆರೆದಿದ್ದರು.

"ಶುಭಕಾರ್ಯದ ನಡೆಮಡಿಗೆ ಕರಿ ಮೆತ್ತಿದ್ದೀಯಲ್ಲಮ್ಮಿ! ಕಣ್ಣು ಎಲ್ಲಿಟ್ಟಿದ್ದೆ?" ಮಾವ ಗುಡುಗಿದರು. ಆಮೇಲೆ ನನ್ನ ಕಡೆ ತಿರುಗಿದರು. "ಅಳಿಯಂದ್ರೇ, ನೀವು ಗಡ್ಡೆಲೇ ಇದ್ರಲ್ಲಾ, ಏನಾರ ಕಂಡ್ರಾ?"

ಒಂದು ಮಾತು ಸಾಕಿತ್ತು. ನಾನು ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು, "ನಾನು ಆ ಕಡೆಗೇ ಹೋಗಲಿಲ್ಲ ಮಾವ. ನಿದ್ದೆ ಬಂದುಬಿಟ್ಟಿತ್ತು" ಎಂದೆ.

ಆಕೆ ನನ್ನ ಮುಖ ನೋಡಿದಳು. ಕೆನ್ನೆಯ ಮೇಲೆ ಐದು ಕರಿಬೆರಳಿನ ಗುರುತಿದ್ದದ್ದು ನನಗೆ ಗೊತ್ತಿರಲಿಲ್ಲ. ನೆಂಟರು ಕೆಸರೆಂದುಕೊಂಡಿದ್ದರು. ಅವಳಿಗೆ ಅದು ದಿನವೂ ಕೈಯಲ್ಲಿ ಹಿಡಿಯುವ ವಸ್ತು.

"ನಂದೇ ತೆಪ್ಪು ಬುದ್ದಿ" ಎಂದಳು. "ಗೇರುಕಾಯಿ ಗಂಟ್ನ ಅಲ್ಲೇ ಬುಟ್ಟು ಓಗ್ಬುಟ್ಟಿದ್ದೆ."

ಕ್ಯಾಪ್ಟನ್ ಓಡಿಹೋಗಿ ಅವಳ ಪಾದ ನೆಕ್ಕಿದ. ಆ ಅಂಗಳದಲ್ಲಿ ಕ್ಷಮೆ ಕೇಳಿದ್ದು ಅವನೊಬ್ಬನೇ.

"ನಾಳೆ ನಡೆಮಡಿಯ ಪಕ್ಕದೂರೋರು ಆಸ್ತಾರೆ. ಇನ್ಮುಂದಕ್ಕೂ ಅವ್ರೇ ಆಸ್ಲಿ" ಎಂದು ಮಾವ ಎದ್ದುಹೋದರು.

ಮರುದಿನ ಬೆಳಗ್ಗೆ ನನ್ನ ಕೈಗಳು ಎರಡು ತಟ್ಟೆ ಬೋಂಡದಂತೆ ಊದಿಕೊಂಡಿದ್ದವು. ಮೈತುಂಬ ತುರಿಕೆ, ಗುಳ್ಳೆ. ಒಂದು ಕಣ್ಣು ಮುಚ್ಚಿಹೋಗಿತ್ತು. ಹಿರಿಯ ಅಳಿಯನಾಗಿ ಬೀಗರಿಗೆ ತಾಂಬೂಲ ಕೊಡಬೇಕಾದವನು ನಾನು! ತಟ್ಟೆ ಹಿಡಿದು ಹೋದರೆ ಬೀಗರು ಎರಡು ಹೆಜ್ಜೆ ಹಿಂದೆ ಸರಿದರು.

"ಹೆಜ್ಜೇನು ಕಚ್ಚಿತು" ಎಂದೆ ಎಲ್ಲರಿಗೂ.

ಗೌರಿ ನನ್ನನ್ನು ಉಗ್ರಾಣದ ಮೂಲೆಗೆ ಎಳೆದುಕೊಂಡು ಹೋದಳು. "ಯಾವ ಜೇನು ಕಣ್ರಿ ಅದು, ಕರಿ ಬಳ್ಕಂಡು ಬಂದು ಕಚ್ಚದು?" ಅವಳ ಕೈಯಲ್ಲಿ ಒಂದು ಮುತ್ತುಗದೆಲೆಯ ಪೊಟ್ಟಣವಿತ್ತು. ಒಳಗೆ ಅರೆದ ಕೊಬ್ಬರಿ. "ಗೇರು ಊದ್ಕಂಡ್ರೆ ಇದ್ನ ಅಚ್ಬೇಕಂತೆ. ಅವ್ಳೇ ಇತ್ಲಲ್ಲಿ ನಿಂತ್ಕಂಡು ಕೊಟ್ಟೋದ್ಲು. ಯಾರಿಗೆ ಅಂತ ನಾನು ಕೇಳ್ನಿಲ್ಲ. ಅವ್ಳೂ ಏಳ್ನಿಲ್ಲ."

ನಾನು ಹಚ್ಚಿಕೊಂಡೆ. ಉರಿ ಕಡಿಮೆಯಾಯಿತು. ಹೊರಗೆ ಓಲಗ ಶುರುವಾಯಿತು. ಪಕ್ಕದೂರಿನವರು ಹಾಸಿದ ಬಟ್ಟೆಯ ಮೇಲೆ ನಾದಿನಿ ನಡೆದು ಬಂದಳು. ಪೊಟ್ಟಣ ಕೊಟ್ಟಾಕೆ ಬೀದಿಯಾಚೆ ಬೇಲಿಯ ಬಳಿ ನಿಂತು, ಪ್ರತಿ ಬಟ್ಟೆ ಹಾಸಿದಾಗಲೂ ತನ್ನ ಕೈಯನ್ನು ಸ್ವಲ್ಪವೇ ಮುಂದೆ ಚಾಚಿ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದುದನ್ನು ನನ್ನ ತೆರೆದಿದ್ದ ಒಂದು ಕಣ್ಣು ನೋಡಿತು.

"ಓಗಿ ಒಂದ್ ಮಾತು ಏಳ್ಬುಟ್ಟು ಬನ್ನಿ" ಎಂದು ಗೌರಿ ಪ್ರತಿ ವರ್ಷ ಹೇಳಿದಳು. ಒಂದು ವರ್ಷ ಹೊಳೆ ತುಂಬಿತ್ತು. ಒಂದು ವರ್ಷ ತೋಟದಲ್ಲಿ ಕೊಯ್ಲು. ಒಂದು ವರ್ಷ, ಮಾವ ಬದುಕಿರುವ ತನಕ ಬೇಡ ಎಂದೆ. ಮಾವ ತೀರಿಕೊಂಡ ಮೇಲೆ, ತೀರಿಕೊಂಡ ಮನೆಯಲ್ಲಿ ಇಂಥ ಮಾತೇಕೆ ಎಂದೆ. ಕಾರಣ ಹುಡುಕುವುದರಲ್ಲಿ ನಾನು ಕ್ಯಾಪ್ಟನ್‌ಗಿಂತ ಚುರುಕು.

ಕೊನೆಗೆ ಕೆಲಸದಿಂದ ನಿವೃತ್ತನಾದ ಮೇಲೆ ಒಂದು ಮಧ್ಯಾಹ್ನ ಆ ಬಟ್ಟೆ ಒಗೆಯುವಾಕೆಯ ಮನೆ ಬಾಗಿಲಿಗೆ ಹೋದೆ. ಮಾತನ್ನು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡಿದ್ದೆ. ಸೊಸೆಯೊಬ್ಬಳು ಹೊರಗೆ ಬಂದಳು.

"ಯಾರು ಬೇಕಿತ್ತು ಸಾ?"

ಬಾಯಿ ತೆರೆದೆ. ಹೆಸರು ಬರಲಿಲ್ಲ. ಮರೆತಿರಲಿಲ್ಲ, ನಾನು ಕೇಳಿಯೇ ಇರಲಿಲ್ಲ! ನಾಯಿಯ ಹೆಸರನ್ನು ಇಡೀ ಗಡ್ಡೆಗೆ ಕೇಳುವಂತೆ ಕೂಗಿದ್ದವನು, ನನ್ನ ಮಾನ ಕಾಯ್ದವಳ ಬಾಗಿಲಲ್ಲಿ ಮೂಗನಂತೆ ನಿಂತೆ.

"ನಿಮ್ಮತ್ತೆ..." ಎಂದೆ.

"ಅತ್ತೆ ತೀರೋಗಿ ಎಲ್ಡ್ ವರ್ಷಾಯ್ತಲ್ಲಾ ಸಾ. ಏನಾಗ್ಬೇಕಿತ್ತು?"

"ಏನಿಲ್ಲ, ಬಟ್ಟೆ ಒಗೆಯಲಿಕ್ಕೆ ಕೊಡೋಣ ಅಂತ" ಎಂದೆ. ಅಲ್ಲಿಯೂ ಸುಳ್ಳು! ಕೈಯಲ್ಲಿ ಬಟ್ಟೆ ಇರಲಿಲ್ಲ. ಆ ಸೊಸೆ ನನ್ನ ಬರಿಗೈಯನ್ನೇ ನೋಡಿದಳು. ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಕೊಟ್ಟು, ಬೆವರುತ್ತಾ ಮನೆಗೆ ಬಂದೆ.

ವಾರದ ಮೇಲೆ ವಲ್ಲಿ ಒಗೆದು ಬಂತು, ಬೆಳ್ಳಗೆ. ಮೂಲೆಯಲ್ಲಿ ಸೂಜಿಮೊನೆಯಷ್ಟು ಕರಿಗೇರಿನ ಗುರುತು. ನಾನು ಅದನ್ನು ಮತ್ತೆ ಹೊದೆಯಲಿಲ್ಲ. ಅಂದು ಗೌರಿಯನ್ನು ಆಕೆಯ ಹೆಸರು ಕೇಳಿದೆ. ಅವಳು ಹೇಳಿದಳು.

ಅವರ ಹೆಸರು ಪುಟ್ಟಮಾದಮ್ಮ.