ಲಾರಿಗಳ ಸಾಲಿನಲ್ಲಿ ನಮ್ಮ ಗಾಡಿ

ಮೆಲ್ಬರ್ನ್‌ನಿಂದ ಸಿಡ್ನಿಗೆ ಹೋಗುವ ಹೆದ್ದಾರಿಯಲ್ಲಿ ದಿನವೂ ಎಷ್ಟೋ ಜನ ಡೀಸೆಲ್ ತುಂಬಿಸಿಕೊಂಡು, ಏನೂ ಆಗದೆ ಮುಂದೆ ಹೋಗುತ್ತಾರೆ. ನಾನು ನಿಲ್ಲಿಸಿದ ಕಡೆ ಮಾತ್ರ ಏನಾದರೊಂದು ಆಗಿಯೇ ತೀರುತ್ತದೆ. ಇದರಲ್ಲಿ ನನ್ನ ತಪ್ಪು ಏನೂ ಇಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಮನೆ ಮೆಲ್ಬರ್ನ್‌ನ ವಿಂಡಮ್ ವೇಲ್‌ನಲ್ಲಿ, ಮಗಳ ಮನೆ ಸಿಡ್ನಿಯ ಎಪ್ಪಿಂಗ್‌ನಲ್ಲಿ. ನಾನು ಹೊರಗೆ ಬೇಯಿಸಿದ್ದನ್ನು ತಿನ್ನುವವನಲ್ಲ. ಸ್ನಾನ, ಪೂಜೆ ಆಗದೆ ಮನೆಯಲ್ಲಿ ಬೇಯಿಸಿದ್ದನ್ನೂ ಮುಟ್ಟುವವನಲ್ಲ. ಅದಕ್ಕಾಗಿಯೇ ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ಒಂದು ಹಳೆಯ ಡೀಸೆಲ್ ಜೀಪನ್ನೂ ಅದರ ಹಿಂದೆ ಎಳೆದುಕೊಂಡು ಹೋಗುವ ಕ್ಯಾರವಾನನ್ನೂ ಕೊಂಡೆ. ಚಕ್ರದ ಮೇಲಿನ ಪುಟ್ಟ ಮನೆ ಅದು. ಒಂದು ಒಲೆ, ಒಂದು ಮಂಚ, ದೇವರ ಪೆಟ್ಟಿಗೆಗೆ ಒಂದು ಗೂಡು. ಎರಡೂ ಸೇರಿದರೆ ಊರೊಳಗಿನ ಪೆಟ್ರೋಲ್ ಬಂಕಿನಲ್ಲಿ ತಿರುಗಿಸಲು ಆಗುವುದಿಲ್ಲ. ಹಾಗಾಗಿ ನಾವು ಡೀಸೆಲ್‌ಗೆ ಹೆದ್ದಾರಿಯ ಪಕ್ಕದ ಟ್ರಕ್ ಸ್ಟಾಪ್‌ಗಳಿಗೇ ಹೋಗಬೇಕು. ದೊಡ್ಡ ಲಾರಿಗಳ ಹಿಂದೆ ಸರದಿಯಲ್ಲಿ ನಿಲ್ಲಬೇಕು.

ಮಗನಿಗೆ ಇದು ಮೊದಲಿನಿಂದಲೂ ಸರಿಬರಲಿಲ್ಲ. "ಅಪ್ಪಾ, ಫ್ಲೈಟ್‌ನಲ್ಲಿ ಒಂದೂವರೆ ಗಂಟೆ. ಇದನ್ನ ಮಾರಿಬಿಡೋಣ" ಎನ್ನುತ್ತಿದ್ದ. ದಾರಿಯಲ್ಲಿ ನಡೆದದ್ದನ್ನೆಲ್ಲ ನನ್ನ ಹೆಂಡತಿ ಅವನಿಗೆ ಫೋನಿನಲ್ಲಿ ವರದಿ ಮಾಡುತ್ತಿದ್ದಳು. ಒಂದೊಂದು ವರದಿಗೂ ಕ್ಯಾರವಾನಿನ ಆಯುಷ್ಯ ಅಷ್ಟಷ್ಟು ಕಡಿಮೆಯಾಗುತ್ತಿತ್ತು. ನಾನು ಬಿಟ್ಟುಕೊಡಲಿಲ್ಲ.

ಅವಸರ ಯಾರದು

ಮೊದಲ ಪ್ರಯಾಣ. ಲಾರಿಗಳಿಗೆ ಡೀಸೆಲ್ ಹಾಕುವ ಪೈಪಿನ ಮೂತಿ ದಪ್ಪ, ರಭಸವೂ ಹೆಚ್ಚು ಎಂಬುದು ನನಗೆ ಗೊತ್ತಿರಲಿಲ್ಲ. ಬೆಳಗಿನ ಸ್ನಾನ ಮನೆಯಲ್ಲೇ ಮುಗಿಸಿ, ಒಗೆದ ಬಿಳಿ ಪಂಚೆ ಉಟ್ಟು, ದೇವರನ್ನು ನೆನೆದು ಹಿಡಿಯನ್ನು ಅದುಮಿದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಡೀಸೆಲ್ ನೊರೆಯೆದ್ದು ಟ್ಯಾಂಕಿನಿಂದ ಹೊರಗೆ ಚಿಮ್ಮಿತು. ಸೊಂಟದಿಂದ ಪಾದದವರೆಗೆ ನನಗೆ ಅಭಿಷೇಕವಾಯಿತು.

ಹಿಂದಿನ ಲಾರಿಯ ಡ್ರೈವರು ಇಳಿದು ಬಂದ. ಗಡ್ಡದ ಮನುಷ್ಯ, ತೋಳಿನ ತುಂಬ ಹಚ್ಚೆ. "ನಿಧಾನ ಮಾಡಬೇಕು ಯಜಮಾನರೇ, ಅವಸರ ಪಟ್ಟರೆ ಹೀಗೇ ಆಗುವುದು" ಎಂದು ಇಂಗ್ಲಿಷಿನಲ್ಲಿ ಬುದ್ಧಿ ಹೇಳಿದ.

"ನಾನು ಹುಟ್ಟಿದಾಗಿನಿಂದಲೂ ನಿಧಾನ. ಅವಸರ ನಿಮ್ಮ ಪೈಪಿನದು" ಎಂದೆ.

ನೆಲಕ್ಕೆ ಮರಳು ಹಾಕಿ ಒರೆಸಿಕೊಟ್ಟು, ಅಲ್ಲಿಯ ಬಚ್ಚಲಿನಲ್ಲೇ ಎರಡನೆಯ ಸಲ ಸ್ನಾನ ಮಾಡಿ, ಎರಡನೆಯ ಪಂಚೆ ಉಟ್ಟು ಬಂದು, ಅದೇ ಪೈಪಿನಲ್ಲಿ ಹನಿಹನಿಯಾಗಿ ಟ್ಯಾಂಕು ತುಂಬಿಸಿದೆ. ಅರ್ಧ ಗಂಟೆ ಹಿಡಿಯಿತು. ಹಿಂದೆ ಐದು ಲಾರಿ ನಿಂತವು. ನಿಧಾನ ಮಾಡಬೇಕೆಂದು ಹೇಳಿದವನೇ ಎಲ್ಲರಿಗಿಂತ ಜೋರಾಗಿ ಹಾರನ್ ಹೊಡೆಯುತ್ತಿದ್ದ.

ಲೋಡ್ ಏನು?

ಆ ಅಭಿಷೇಕದಿಂದ ಒಂದು ಲಾಭವೂ ಆಯಿತು. ಟ್ರಕ್ ಸ್ಟಾಪ್‌ಗಳಲ್ಲಿ ಡ್ರೈವರುಗಳಿಗೆಂದು ಬಿಸಿನೀರಿನ ಸ್ನಾನದ ಕೋಣೆ ಇರುತ್ತದೆಂದು ತಿಳಿಯಿತು. ಕ್ಯಾರವಾನಿನಲ್ಲಿ ಬಚ್ಚಲಿಲ್ಲ. ಮುಂದಿನ ಸಲ ಇನ್ನೊಂದು ಟ್ರಕ್ ಸ್ಟಾಪ್‌ನಲ್ಲಿ ಡೀಸೆಲ್ ಹಾಕಿಸಿ, ಕೈಯಲ್ಲಿ ತಂಬಿಗೆ ಹಿಡಿದು, ಕೌಂಟರಿನಲ್ಲಿದ್ದ ಹೆಂಗಸಿನ ಮುಂದೆ ನಿಂತು ಬೀಗದಕೈ ಕೇಳಿದೆ.

"ಸ್ನಾನದ ಕೋಣೆ ಡ್ರೈವರುಗಳಿಗೆ ಮಾತ್ರ" ಎಂದಳು.

"ನಾನೂ ಡ್ರೈವ್ ಮಾಡಿಕೊಂಡೇ ಬಂದವನು."

"ಲೋಡ್ ಸಾಗಿಸುವವರಿಗೆ."

"ನನ್ನದರಲ್ಲೂ ಲೋಡ್ ಇದೆ."

"ಏನದು?"

"ದೇವರು."

ಆಕೆ ಪೆನ್ನು ಕೆಳಗಿಟ್ಟಳು. "ಎಲ್ಲಿಗೆ ಡೆಲಿವರಿ?"

"ಎಪ್ಪಿಂಗ್‌ಗೆ. ಆದರೆ ಅಲ್ಲಿ ಇಳಿಸಿ ಬರುವುದಿಲ್ಲ. ವಾಪಸು ಕರೆದುಕೊಂಡು ಬರುತ್ತೇನೆ."

ಬೀಗದಕೈ ಕೊಟ್ಟಳು. ಒಳಗೆ ಹೋಗಿ, ನೀರು ಹೊಯ್ದುಕೊಳ್ಳುತ್ತ, ನಮ್ಮೂರಿನ ಶಾಲೆಯ ಮೇಷ್ಟ್ರು ಕಲಿಸಿದ ಹಾಗೆ ಗಟ್ಟಿಯಾಗಿ ಮಂತ್ರ ಹೇಳಿಕೊಂಡೆ. ಬಾಗಿಲು ತೆರೆದರೆ ಹೊರಗೆ ಮೂವರು ಡ್ರೈವರುಗಳು ಟವೆಲ್ ಹೆಗಲಿಗೆ ಹಾಕಿಕೊಂಡು, ಸಾವಿನ ಮನೆಗೆ ಬಂದವರ ಹಾಗೆ ಮೌನವಾಗಿ ನಿಂತಿದ್ದರು.

ಒಬ್ಬ ಮೆಲ್ಲಗೆ ಕೇಳಿದ: "ಇಷ್ಟು ಹೊತ್ತು ಪ್ರಾರ್ಥನೆ ಮಾಡಿದಿರಲ್ಲ, ನಿಮ್ಮ ಗಾಡಿಗೆ ಬ್ರೇಕ್ ಇಲ್ಲವೇ?"

ಮೂರಕ್ಷರ

ಡೀಸೆಲ್ ಗಾಡಿಗೆ ಮರೆತು ಪೆಟ್ರೋಲ್ ಹಾಕಿದರೆ ಎಂಜಿನ್ ಕೆಡುತ್ತದೆ. ಮಗ ದಿನವೂ ಇದನ್ನೇ ಹೇಳಿ ಹೆದರಿಸುತ್ತಿದ್ದುದರಿಂದ, ಟ್ಯಾಂಕಿನ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ದುಂಡಗೆ "ಡೀಸೆಲ್" ಎಂದು ಕನ್ನಡದಲ್ಲಿ ಬರೆದಿಟ್ಟೆ. "ಇಂಗ್ಲಿಷ್‌ನಲ್ಲಿ ಬರೀಬಾರದಾ ಅಪ್ಪಾ?" ಎಂದ. "ಹಾಕುವವನು ನಾನು, ಓದುವವನೂ ನಾನು" ಎಂದೆ.

ಒಮ್ಮೆ ದಾರಿಯಲ್ಲಿ ಒಂದು ಹಳೆಯ ಕಾಲದ ಟ್ರಕ್ ಸ್ಟಾಪ್‌ಗೆ ಹೋದೆವು. ಅಲ್ಲಿ ಯಜಮಾನನೇ ಬಂದು ತುಂಬಿಸಿಕೊಡುವ ಪದ್ಧತಿ. ನನಗಿಂತ ಹಿರಿಯ. ನಾನು ಟೈರು ನೋಡುತ್ತಿದ್ದಾಗ ಆತ ಪೆಟ್ರೋಲಿನ ಪೈಪು ಹಿಡಿದು ಮುಚ್ಚಳಕ್ಕೆ ಕೈ ಹಾಕಿಯೇಬಿಟ್ಟಿದ್ದ. ನನ್ನ ಹೆಂಡತಿ ಕಿಟಕಿಯಿಂದ ಕೂಗಿದಳು. ನಾನು ಓಡಿದೆ. ನಾನು ಓಡಿದ್ದನ್ನು ಆಕೆ ಮದುವೆಯಾದ ಮೇಲೆ ನೋಡಿದ್ದು ಅದೇ ಮೊದಲು.

"ಡೀಸೆಲ್ ಎಂದು ಬರೆದಿದೆ, ಕಾಣಿಸಲಿಲ್ಲವೇ?"

"ಎಲ್ಲಿ?"

ತೋರಿಸಿದೆ. ಆತ ಕನ್ನಡಕ ಏರಿಸಿ ನೋಡಿ, "ಇದನ್ನು ನಾನು ಹೇಗೆ ಓದಲಿ?" ಎಂದ.

"ನಿಮ್ಮ ದೇಶದ ಬೋರ್ಡುಗಳನ್ನೆಲ್ಲ ನಾನು ಓದಿಕೊಂಡು ಬಂದಿದ್ದೇನೆ. ನಮ್ಮದು ಮೂರಕ್ಷರ ನಿಮ್ಮಿಂದ ಆಗಲಿಲ್ಲವೇ?"

ಆತ ಕಿವಿಯ ಸಂದಿನಿಂದ ಪೆನ್ಸಿಲ್ ತೆಗೆದು, ಅಂಗೈಯಗಲದ ಚೀಟಿಯ ಮೇಲೆ ಅದನ್ನು ನೋಡಿ ನೋಡಿ ಬರೆದುಕೊಂಡ. "ಇನ್ನು ಮೇಲೆ ನಿಮ್ಮ ದೇಶದ ಗಾಡಿ ಬಂದರೆ ಮೋಸ ಹೋಗುವುದಿಲ್ಲ" ಎಂದ.

ಮೌನವ್ರತ

ಪೆಟ್ರೋಲಿನ ವರದಿ ತಲುಪಿದ ದಿನವೇ ಮಗ ಕ್ಯಾರವಾನಿಗೆ ಗಿರಾಕಿಯನ್ನು ಹುಡುಕಿದ. ನಾನು ಒಪ್ಪಲಿಲ್ಲ. ಕೊನೆಗೆ ಅವನೇ ಒಂದು ಪರೀಕ್ಷೆ ಇಟ್ಟ.

"ಈ ಸಲ ನಾನೂ ಬರ್ತೀನಿ. ಹಿಂದಿನ ಸೀಟಲ್ಲಿ ಕೂತ್ಕೊಂಡು ನೋಡ್ತೀನಿ ಅಷ್ಟೇ. ಸಿಡ್ನಿವರೆಗೂ ಒಂದು ಮಾತಾಡಲ್ಲ. ನೀನು ಒಂದೇ ಒಂದ್ಸಲ ಹೆಲ್ಪ್ ಕೇಳಿದ್ರೆ ಕ್ಯಾರವಾನ್ ಮಾರ್ತೀವಿ."

"ನೀನು ನನ್ನ ಹೆಲ್ಪ್ ಕೇಳಿದರೆ?"

ನಕ್ಕ. "ಕೇಳಿದ್ರೆ ಮಾರೋ ಮಾತು ಇನ್ನು ಎತ್ತಲ್ಲ ಬಿಡಪ್ಪ."

ಹೊರಟೆವು. ಅವನು ಹಿಂದಿನ ಸೀಟಿನಲ್ಲಿ ಚಳಿಯೆಂದು ತಲೆತನಕ ಹೊದ್ದುಕೊಂಡು ಕೂತ. ಅರ್ಧ ದಾರಿಯಲ್ಲಿ ಟ್ರಕ್ ಸ್ಟಾಪ್ ಬಂತು. ನಾನೊಬ್ಬನೇ ಇಳಿದು ಡೀಸೆಲ್ ತುಂಬಿಸಿದೆ, ಒಂದು ಹನಿ ಚೆಲ್ಲಲಿಲ್ಲ. ಕ್ಯಾರವಾನಿನ ಸರಪಳಿ ಎಳೆದು ನೋಡಿದೆ, ಪಂಪಿನ ಬಳಿಯೇ ದುಡ್ಡು ಕೊಟ್ಟೆ, ಶೌಚಾಲಯಕ್ಕೆ ಹೋಗಿದ್ದ ಹೆಂಡತಿ ಬಂದು ಕೂತಳು, ಹೊರಟೆ.

ಸ್ವಲ್ಪ ದೂರ ಹೋದ ಮೇಲೆ ಅವಳು ಹಿಂದಕ್ಕೆ ತಿರುಗದೆಯೇ ಕೇಳಿದಳು: "ಚಕ್ಕುಲಿ ತಿಂತೀಯೇನೋ?"

ಉತ್ತರವಿಲ್ಲ.

"ನೋಡಿ ಇವನ ಹಟಾನ! ಹೆತ್ತ ತಾಯಿಗೂ ಮಾತಿಲ್ಲ."

"ಮಾತು ಕೊಟ್ಟಿದ್ದಾನೆ, ಬಿಡೇ. ಉಳಿಸಿಕೊಳ್ಳಲಿ" ಎಂದೆ. ನನಗೆ ಅವನ ಮೇಲೆ ಅಭಿಮಾನವೇ ಬಂತು. ಇಂಥ ಸಂದರ್ಭ ಮತ್ತೆ ಸಿಗುವುದಿಲ್ಲವೆಂದು, ಸಂಧ್ಯಾವಂದನೆ ಬಿಟ್ಟದ್ದು, ಕಂಡದ್ದೆಲ್ಲ ತಿನ್ನುವುದು, ಬೆಳಗ್ಗೆ ಒಂಬತ್ತಕ್ಕೆ ಏಳುವುದು, ಎಲ್ಲವನ್ನೂ ಒಂದೊಂದಾಗಿ ಬಿಡಿಸಿ ಮುಕ್ಕಾಲು ಗಂಟೆ ಉಪದೇಶ ಮಾಡಿದೆ. ಒಮ್ಮೆಯೂ ಎದುರಾಡಲಿಲ್ಲ. ಹುಟ್ಟಿದಾಗಿನಿಂದ ಅವನು ನನ್ನ ಮಾತನ್ನು ಪೂರ್ತಿ ಕೇಳಿದ್ದು ಅದೇ ಮೊದಲೆಂದು ನನ್ನ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಫೋನು ಬಂತು, ಗೊತ್ತಿಲ್ಲದ ನಂಬರು. ಹೆಂಡತಿ ಎತ್ತಿದಳು. "ಯಾರೋ ನಮ್ಮ ಮಗನ ಥರಾನೇ ಮಾತಾಡ್ತಾರೆ ರೀ" ಎನ್ನುತ್ತ ಹಿಂದಕ್ಕೆ ಕೈ ಚಾಚಿ ಹೊದಿಕೆ ಎಳೆದಳು. ಎರಡು ದಿಂಬು, ಅವನ ಪರ್ಸು, ಅವನ ಫೋನು.

ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಫೋನು ತೆಗೆದುಕೊಂಡೆ.

"ಅಪ್ಪಾ, ಎಲ್ಲಿದೀಯಾ? ಕಾಫಿ ಕುಡಿಯಕ್ಕೆ ಒಳಗೆ ಹೋಗಿದ್ದೆ, ಪರ್ಸ್ ಮರೆತೆ ಅಂತ ಬಂದು ನೋಡಿದ್ರೆ ಗಾಡಿನೇ ಇಲ್ಲ! ಈಗ ಒಬ್ಬ ಲಾರಿಯವರು ಫೋನ್ ಕೊಟ್ರು."

"ಇಳಿಯುವಾಗ ಹೇಳಬಾರದೇನೋ?"

"ಮಾತಾಡಬಾರದು ಅಂತ ಇತ್ತಲ್ಲ!"

ಅವನ ಹಿಂದೆ ಯಾರೋ ಲಾರಿಯವರು ಬಿದ್ದು ಬಿದ್ದು ನಗುವುದು ಕೇಳಿಸುತ್ತಿತ್ತು.

"ಸರಿ. ಈಗ ಏನು ಮಾಡೋಣ ಅಂತೀಯ?" ಎಂದೆ.

"ವಾಪಸ್ ಬಾ ಅಪ್ಪಾ."

"ಇದು ಸುಮ್ಮನೆ ಹೇಳ್ತಿರೋದೋ, ಹೆಲ್ಪ್ ಕೇಳ್ತಿರೋದೋ?"

ಆ ಕಡೆಯಿಂದ ಲಾರಿಯವರ ನಗುವಷ್ಟೇ ಕೇಳಿಸಿತು. ನನಗೇನೂ ಅವಸರವಿರಲಿಲ್ಲ.

"...ಹೆಲ್ಪ್."

"ಇನ್ನೂ ಸ್ವಲ್ಪ ಜೋರಾಗಿ ಹೇಳಪ್ಪ" ಎಂದೆ. "ವರದಿ ಮಾಡೋರು ಪಕ್ಕದಲ್ಲೇ ಇದ್ದಾರೆ."