ಹಳೇ ಬಟ್ಟೆ ರಾಶಿಯಲ್ಲಿ ಸಿಕ್ಕ ಶೇರವಾನಿ

ಮನುಷ್ಯನಿಗೆ ಬೇಕಾದದ್ದೆಲ್ಲ ಕೊಪ್ಪಳದ ಸಂತೆಯ ಹಳೇ ಬಟ್ಟೆ ರಾಶಿಯಲ್ಲಿ ಸಿಗುತ್ತದೆಂದು ನಾನು ಆಗ ದೃಢವಾಗಿ ನಂಬಿದ್ದೆ. ನನಗೆ ಬೇಕಾಗಿದ್ದದ್ದು ಮಾತಿಗೊಬ್ಬ ಜೊತೆಗಾರ.

ಎರಡನೇ ಮಹಾಯುದ್ಧದ ಕಾಲ. ಹೆಂಡತಿ ತೀರಿಕೊಂಡ ಮೇಲೆ ಊರು ಬಿಟ್ಟು, ಯಲಬುರ್ಗಾದ ಕಾಳಿನ ಅಂಗಡಿಯಲ್ಲಿ ತೂಕ ಮಾಡುವ ಕೆಲಸಕ್ಕೆ ಸೇರಿದ್ದೆ. ಸಂಜೆ ಹನುಮಪ್ಪನ ಗುಡಿಕಟ್ಟೆಯ ತುದಿಯಲ್ಲಿ ಕೂರುತ್ತಿದ್ದೆ. ಒಬ್ಬರೂ ನನ್ನತ್ತ ನೋಡುತ್ತಿರಲಿಲ್ಲ. ಕೋಣೆಗೆ ಬಂದು ಗೋಡೆಯ ಹಲ್ಲಿಗೆ ಅಂಗಡಿಯ ಸುದ್ದಿ ಹೇಳುತ್ತಿದ್ದೆ. ಒಂದು ದಿನ ಅದೂ ಪಕ್ಕದ ಮನೆಗೆ ಹೋಯಿತು.

ತಪ್ಪೆಲ್ಲ ನನ್ನ ಮಾಸಿದ ಅಂಗಿಯದೆಂದು ತೀರ್ಮಾನಿಸಿದೆ. ಸಂತೆಗೆ ಹೋಗಿ ರಾಶಿ ಕೆದಕಿದರೆ, ಹರಕು ಧೋತರಗಳ ಅಡಿಯಲ್ಲಿ ಸಿಕ್ಕಿತು ನೋಡಿ! ಕಪ್ಪು ಶೇರವಾನಿ, ಗಂಟಲಿನವರೆಗೂ ಬೆಳ್ಳಿ ಗುಂಡಿ, ಒಳಗೆ ರೇಷ್ಮೆಯ ಅಸ್ತರು. ನನ್ನ ಒಂದೇ ಒಂದು ಕಂಬಳಿ ಕೊಟ್ಟು ಅದನ್ನು ತೆಗೆದುಕೊಂಡೆ. ಮಾರುವವನು ಕೆಂಪು ರೂಮಿ ಟೋಪಿಯನ್ನೂ ಮೇಲೆ ಕೊಟ್ಟ.

ಆ ಸಂಜೆ ಎರಡನ್ನೂ ತೊಟ್ಟು ಕಟ್ಟೆಗೆ ಹೋದೆ. ಕಟ್ಟೆಗೆ ಕಟ್ಟೆಯೇ ಎದ್ದು ನಿಂತಿತು! ಸಲಾಮು ಮಾಡಿದರು, ಜಮಖಾನೆ ಹಾಸಿದರು, ಬಿಸಿ ಹಾಲು ತರಿಸಿದರು. ಯಾರಿಗೂ ನನ್ನ ಗುರುತು ಸಿಗಲಿಲ್ಲ. ಗುರುತು ಸಿಗಬೇಕಾದರೆ ಮೊದಲು ಮುಖ ನೋಡಿರಬೇಕಲ್ಲ. ಆದರೂ ನಾನು ಸುಖದಲ್ಲಿದ್ದೆ. ಸ್ನೇಹ ಬೆಳೆಯಲಿ ಎಂದು ಒಂದು ಮಾತು ತೆಗೆದೆ.

"ಈ ಸಲ ಜ್ವಾಳ ಹೆಂಗ ಬಂದಾವ್ರಿ?"

ಕಟ್ಟೆ ತಣ್ಣಗಾಯಿತು. ಆಗ ಸರಕಾರದ ಕಂದಾಯ ಅಧಿಕಾರಿ ಗಿರ್ದಾವರ ಶೇರವಾನಿ ತೊಟ್ಟು ಬಂದು, ಇದೇ ಪ್ರಶ್ನೆ ಕೇಳಿ, ಸರಕಾರಕ್ಕೆ ಕೊಡಲೇಬೇಕಾದ ಲೆವಿಯೆಂದು ಜೋಳ ಎತ್ತಿಸಿಕೊಂಡು ಹೋಗುತ್ತಿದ್ದ. ಅದಕ್ಕೇ ಜನ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ಮುಚ್ಚಿಡುತ್ತಿದ್ದರು. ಕಾಳಿನ ಅಂಗಡಿಯವನಾದ ನನಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಬುದ್ಧಿ ಕಂಬಳಿಯ ಜೊತೆ ಸಂತೆಯಲ್ಲೇ ಉಳಿದಿತ್ತು.

"ನಂದೇನಿಲ್ರಿ ಸಾಹೇಬ್ರ," ಎಂದ ಬಸಪ್ಪ, ಕಟ್ಟೆಯ ಹಿರಿಯ. "ಹಗೇವು ಐತಿ ಅಂದ್ರ ಈ ಶಿವಪ್ಪಂದು ಐತ್ರಿ."

ಪಕ್ಕದಲ್ಲಿದ್ದ ಶಿವಪ್ಪ, ಬಸಪ್ಪನ ಕೊಟ್ಟಿಗೆಯಲ್ಲಿ ಎಮ್ಮೆ ಕಟ್ಟಿದ ಜಾಗವನ್ನು ಅಗೆಸಿ ನೋಡಬೇಕೆಂದು ನನ್ನಲ್ಲಿ ವಿನಂತಿಸಿದ. ಮರುಕ್ಷಣ ಒಬ್ಬರ ಅಂಗಿ ಇನ್ನೊಬ್ಬರ ಕೈಯಲ್ಲಿತ್ತು. ನಾನು ಹೆದರಿ ನಿಜ ಹೇಳಿಬಿಟ್ಟೆ.

"ನಾ ಗಿರ್ದಾವರ ಅಲ್ರಿ. ತೂಕಾ ಮಾಡಾಂವ!"

ತೂಕ ಮಾಡುವವನನ್ನೂ ಕಳಿಸಿದ್ದಾರೆಂದರೆ ಜೋಳ ಈಗಲೇ ಹೋಯಿತು ಎಂದು ಬಸಪ್ಪ ತಲೆಯ ಮೇಲೆ ಕೈಹೊತ್ತು ಕೂತ. ಶಿವಪ್ಪ ನನ್ನ ಕಾಲು ಹಿಡಿದ. ಕಾಲು ಬಿಡಿಸಿಕೊಂಡು ಓಡಿದೆ. ಹಾಲನ್ನು ಕುಡಿದೂ ಇರಲಿಲ್ಲ.

ಮರುದಿನ ಮಾಸಿದ ಅಂಗಿಯಲ್ಲೇ ಹೋಗಿ ನನ್ನ ಹಳೇ ತುದಿಯಲ್ಲಿ ಕೂತೆ. ಬಸಪ್ಪ, ಶಿವಪ್ಪ ಮಾತು ಬಿಟ್ಟು ದೂರ ದೂರ ಕೂತಿದ್ದರು. ಬಸಪ್ಪ ನನ್ನ ಕಡೆ ತಿರುಗಿದ.

"ಏನ್ರಿ, ನಿನ್ನಿ ಬಂದಿದ್ನಲ್ಲ, ಆ ಶೇರವಾನಿಯಂವ, ಅವನ್ನ ನೀವು ನೋಡಿದ್ರೇನು?"

ಆ ಕಟ್ಟೆಯಲ್ಲಿ ಮಾಸಿದ ಅಂಗಿಯ ನನ್ನನ್ನು ಒಬ್ಬರು ಮಾತನಾಡಿಸಿದ್ದು ಅದೇ ಮೊದಲು. ಅಳುವೇ ಬಂದಂತಾಯಿತು.

"ನೋಡೀನ್ರಿ," ಎಂದೆ. "ಭಾಳ ಹಲ್ಕಟ್ ಮನಶ್ಯಾ."

"ಖರೇ ಅಂದ್ರಿ," ಎಂದು ಶಿವಪ್ಪ ಸರಿದು ಜಾಗ ಮಾಡಿದ. "ಬರ್ರಿ, ಇಲ್ಲಿ ಕುಂದರ್ರಿ."

ಅಂದಿನಿಂದ ಅವರಿಬ್ಬರ ನಡುವೆ ನನ್ನ ಸ್ಥಾನ ಖಾಯಂ ಆಯಿತು. ಆ ಶೇರವಾನಿಯವನನ್ನು ಬೈಯುವುದರಲ್ಲಿ ಊರಿಗೆಲ್ಲ ನಾನೇ ಮುಂದು. ಬೈದು ಬೈದು ದಣಿದು ಕೋಣೆಗೆ ಬಂದು, ಕಂಬಳಿ ಇಲ್ಲದ್ದರಿಂದ, ಅವನ ಶೇರವಾನಿಯನ್ನೇ ಹೊದ್ದು ಮಲಗುತ್ತಿದ್ದೆ.